ಬಾಣಂತಿ ಕೋಣೆಯ ಗಾಳಿ

ನಾನು ಚಿಕ್ಕವನಿದ್ದಾಗ ನಮ್ಮ ಮುಶಿಗೇರಿಯಲ್ಲಿ ಚಳಿಗಾಲವೆಂದರೆ ಶೇಗಡಿಯ ಕಾಲ. ಶೇಗಡಿ ಎಂದರೆ ಕೆಂಡ ತುಂಬಿಡುವ ಕಬ್ಬಿಣದ ಒಲೆ. ಆ ವರ್ಷ ಎಳ್ಳು ಅಮಾವಾಸ್ಯೆಯ ಹೊತ್ತಿಗೆ, ಹೆರಿಗೆಗೆಂದು ನರಗುಂದದಿಂದ ಬಂದಿದ್ದ ಅಕ್ಕನಿಗೆ ಹೆಣ್ಣು ಕೂಸು ಹುಟ್ಟಿತ್ತು. ಅಪ್ಪ ಹೊಸದಾಗಿ ಸ್ಲ್ಯಾಬ್ ಹಾಕಿಸಿದ ಕೋಣೆಯೇ ಬಾಣಂತಿಗೆ. ಗಾಳಿ ತಾಗಬಾರದೆಂದು ಅಪ್ಪನ ಅವ್ವ, ಅಂದರೆ ನಮ್ಮ ಆಯಿ, ಕಿಟಕಿಗೆ ಹಳೆಯ ಕೌದಿ ತುರುಕಿ ಅಕ್ಕನ ಹೊರಸಿನ ಮಂಚದ ಕೆಳಗೆ ಜಾಲಿ ಕಟ್ಟಿಗೆಯ ಕೆಂಡ ಇಡುತ್ತಿದ್ದಳು. ಒಳಗೆ ಹೋದರೆ ಅಜವಾನದ ಹೊಗೆ, ಬೆಳ್ಳುಳ್ಳಿ, ಕೂಸಿನ ಮೈಗೆ ಹಚ್ಚಿದ ಎಣ್ಣೆಯ ವಾಸನೆ. ಊರಿನಲ್ಲೇ ಅದು ಸುಖದ ಜಾಗ ಎನಿಸುತ್ತಿತ್ತು ನನಗೆ.

ಒಂದು ದಿನ ಶಾಲೆಯಲ್ಲಿ ವಿಜ್ಞಾನದ ಸರ್, ಇದ್ದಿಲು ಉರಿಯುವ ಸಮೀಕರಣ ಬರೆಯಲು ನನ್ನನ್ನು ಹಲಗೆಗೆ ಕರೆದರು. ಎಡಕ್ಕೆಷ್ಟು ಪರಮಾಣುಗಳೋ ಬಲಕ್ಕೂ ಅಷ್ಟೇ ಇರಬೇಕು. ನಾನು ಎಡಕ್ಕೆ ಇಂಗಾಲ ಒಂದು, ಆಮ್ಲಜನಕ ಒಂದು ಬರೆದುಬಿಟ್ಟಿದ್ದೆ. ಬಲಕ್ಕೆ ಇಂಗಾಲದ ಡೈಆಕ್ಸೈಡ್, ಅದರಲ್ಲಿ ಆಮ್ಲಜನಕ ಎರಡು. ದೊಡ್ಡ ಜಾಣನಂತೆ ಅಕ್ಷರದ ಬುಡದಲ್ಲಿದ್ದ ಆ ಸಣ್ಣ ಎರಡನ್ನು ಒರೆಸಿ ಲೆಕ್ಕ ಸರಿದೂಗಿಸಿದೆ.

“ತಮ್ಮಾ, ಕಾಲಾಗಿನ ಅಂಕಿ ಅಳಿಸಿದ್ರ ವಸ್ತುನ ಬ್ಯಾರೆ ಆಕ್ಕೈತಿ,” ಎಂದರು ಸರ್. “ಗಾಳಿ ಸಾಲದಿದ್ರ ಕೆಂಡಾನೂ ಹಿಂಗ ಮಾಡ್ತೈತಿ. ನೀ ಬರದದ್ದು ಇಂಗಾಲದ ಮೊನಾಕ್ಸೈಡ್, ಖರೇ ವಿಷ. ವಾಸನಿ ಇಲ್ಲ, ಬಣ್ಣ ಇಲ್ಲ.”

ಎಲ್ಲರೂ ನಕ್ಕರು. ಮುಖ ಊದಿಸಿಕೊಂಡೇ ಸಂಜೆ ಮನೆಗೆ ಬಂದೆ. ಅವತ್ತು ಕುಳಿರ್ಗಾಳಿ ಜೋರಿತ್ತು. ಆಯಿ ಕೆಂಡ ಹೆಚ್ಚು ಹಾಕಿ ಬಾಗಿಲ ಸಂದಿಗೂ ಬಟ್ಟೆ ಒತ್ತಿದ್ದಳು. ನಾನು ಒಳಗೆ ಹೋದಾಗ ಅಕ್ಕ ತಲೆ ಹಿಡಿದುಕೊಂಡಿದ್ದಳು.

“ತಲಿ ಸಿಡ್ಯಾಕತ್ತೈತೋ. ವಾಂತಿ ಬಂದಂಗ ಆಗ್ತೈತಿ.”

“ಥಂಡಿ ಹತ್ತೈತಿ,” ಎನ್ನುತ್ತಾ ಆಯಿ ಇನ್ನಷ್ಟು ಕೆಂಡ ತಂದಳು. ನಾನು ಕೂಸಿನ ಗಲ್ಲ ಮುಟ್ಟಿದೆ. ದಿನಾ ಚೀರುತ್ತಿದ್ದ ಕೂಸು ಅವತ್ತು ಅಳಲೇ ಇಲ್ಲ. ಹಲಗೆಯ ಲೆಕ್ಕ ಆಗ ತಲೆಗೆ ಹತ್ತಿತು. ಎಡಗಡೆಯ ಆಮ್ಲಜನಕವೆಂದರೆ ಈ ಕೋಣೆಯ ಗಾಳಿ. ಕೆಂಡಕ್ಕೂ ಅದೇ ಬೇಕು, ಅಕ್ಕನಿಗೂ ಅದೇ, ಕೂಸಿಗೂ ಅದೇ. ಹೊಸ ಗಾಳಿ ಬರುವ ದಾರಿಯನ್ನೆಲ್ಲ ನಾವೇ ಮುಚ್ಚಿದ್ದೆವು.

ಕಿಟಕಿಯ ಕೌದಿ ಕಿತ್ತೆಸೆದೆ.

“ಏ ಹುಚ್ಚಪ್ಪ, ಕೂಸಿಗಿ ಗಾಳಿ ಹೊಡಿತೈತಿ!”

“ಬೆಂಕಿ ಹೊರಗ ಒಯ್ಯಬೇ ಆಯಿ! ಒಳಗ ವಿಷ ಆಗೈತಿ!”

ನನ್ನ ಚೀರಾಟಕ್ಕೆ ಅಪ್ಪ ಓಡಿಬಂದು ಇಬ್ಬರನ್ನೂ ಅಂಗಳಕ್ಕೆ ತಂದರು. ಸಿಕ್ಕ ಟೆಂಪೊ ಹತ್ತಿ ಗಜೇಂದ್ರಗಡದ ದವಾಖಾನೆಗೆ ಹೋದೆವು. ಅಲ್ಲಿ ಆಮ್ಲಜನಕ ಕೊಟ್ಟ ಮೇಲೆ ಅಕ್ಕ ಚೇತರಿಸಿಕೊಂಡಳು, ಕೂಸು ಅತ್ತಿತು. ಅಂಥ ಇಂಪಾದ ಅಳು ನಾನು ಮತ್ತೆ ಕೇಳಿಲ್ಲ.

ಆಯಿ ಕಣ್ಣೊರೆಸಿಕೊಳ್ಳುತ್ತಾ ಹೇಳಿದಳು: “ಹಳೀ ಮಣ್ಣಿನ ಮ್ಯಾಳಗಿ ಚಾವಣಿಗೆ ಬೆಳಕಿಂಡಿ ಇತ್ತಪಾ. ಹೊಗಿ ಅದರಾಗ ಹೋಗ್ತಿತ್ತು. ಸ್ಲ್ಯಾಬ್ ಹಾಕಿದ ಮ್ಯಾಲ ಅದು ಎಲ್ಲೈತಿ?” ಅವಳ ಪದ್ಧತಿ ತಪ್ಪಾಗಿರಲಿಲ್ಲ, ಮನೆ ಬದಲಾಗಿತ್ತು. ನಮ್ಮ ಯಾರ ಗಮನಕ್ಕೂ ಅದು ಬಂದಿರಲಿಲ್ಲ.

ಮೊಮ್ಮಕ್ಕಳೇ, ನೀವು ಸಮೀಕರಣವನ್ನು ಫೋನಿಗೆ ಹೇಳಿ ಕ್ಷಣದಲ್ಲಿ ಸರಿದೂಗಿಸುತ್ತೀರಿ. ನಿಮ್ಮ ಮನೆಯಲ್ಲಿ ಶೇಗಡಿಯೂ ಇಲ್ಲ. ಆದರೆ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ, ಅದೂ ಒಳಗಿನ ಗಾಳಿಯನ್ನೇ ತಿಂದು ಉರಿಯುತ್ತದೆ. ಚಳಿ ಎಂದು ನೀವು ಎಲ್ಲ ಮುಚ್ಚಿಕೊಂಡು ಸ್ನಾನಕ್ಕೆ ನಿಂತರೆ ನಾನು ಹೊರಗಿನಿಂದ ಬಾಗಿಲು ಬಡಿಯುತ್ತೇನೆ. “ಅಜ್ಜಾ, ಸುಮ್ನ ಹೋಗೋ!” ಎಂದು ನೀವು ರೇಗುತ್ತೀರಿ. ರೇಗಿ, ಅಡ್ಡಿಯಿಲ್ಲ. ಆ ದನಿ ಕೇಳಿದ ಮೇಲೆಯೇ ನಾನು ಅಲ್ಲಿಂದ ಕದಲುವುದು.