ಖಾತಾ ಬಂತಾ ಅಮ್ಮ?

ಬೆಂಗಳೂರಿನ ಅಂಚಿನ ಸಿಂಗಾಪುರದ ಗಂಗರತ್ನಮ್ಮನ ಅಡುಗೆಮನೆ ಹೋದ ಮಳೆಗಾಲದಲ್ಲಿ ಸೋರಿತು ನೋಡಿ, ಅಲ್ಲಿಂದ ಶುರುವಾಯಿತು ಇದೆಲ್ಲ. ಶೀಟು ತೆಗೆಸಿ ಕಾಂಕ್ರೀಟಿನ ಮೋಲ್ಡ್ ಹಾಕಿಸಬೇಕು, ಬಚ್ಚಲಿಗೆ ಟೈಲ್ಸ್ ಕೂರಿಸಬೇಕು. ಮೇಸ್ತ್ರಿ ರಹಮತುಲ್ಲಾ ಹೇಳಿದ ಎಸ್ಟಿಮೇಟ್ ಕೇಳಿ ಆಕೆ ಬಾಯಿಗೆ ಸೆರಗು ಹಿಡಿದರು. ಗಂಡ ಮುನಿವೆಂಕಟಯ್ಯ ತೀರಿಕೊಂಡ ಮೇಲೆ ಇದ್ದದ್ದು ರಸ್ತೆ ಕಡೆಯ ಎರಡು ಅಂಗಡಿಗಳ ಬಾಡಿಗೆ, ಅಷ್ಟೇ. ಮಕ್ಕಳಿಲ್ಲ. ಸರಿ, ಆ ಬಾಡಿಗೆ ತೋರಿಸಿ ಒಂದು ಫೈನಾನ್ಸ್ ಕಂಪನಿಯಲ್ಲಿ ಲೋನಿಗೆ ಹಾಕಿದರು.

ಅಂಗಡಿಯವರು ಮೊದಲೆಲ್ಲ ತಿಂಗಳಿಗೊಮ್ಮೆ ಬಾಡಿಗೆ ಕೊಡೋಕಾದರೂ ಒಳಗೆ ಬಂದು ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದರು. ಈಗ ಬಾಡಿಗೆಯೂ ಫೋನಿಗೇ ಬಂದು ಬೀಳುತ್ತೆ. ಇಂಥಾ ಮನೆಗೆ ಲೈಬಾಳ ಫೋನು ಬಂತು.

ಲೈಬಾ ಆ ಕಂಪನಿಯ ಹುಡುಗಿ, ಫೈಲು ನೋಡಿಕೊಳ್ಳೋಳು. "ಅಮ್ಮ, ಇ-ಖಾತಾ ಒಂದು ಬೇಕು. ಅದು ಬಂದ್ರೆ ಲೋನ್ ಪಾಸ್ ಆದಂಗೇ." ಅರ್ಜಿ ಹಾಕಿದ್ದಾಯಿತು. ಇ-ಖಾತಾ ಅಂದರೆ ಗೊತ್ತಲ್ಲ, ಮನೆ ಯಾರ ಹೆಸರಲ್ಲಿದೆ ಅಂತ ಪಾಲಿಕೆಯವರು ಕಂಪ್ಯೂಟರಿನಲ್ಲಿ ಕೊಡೋ ಕಾಗದ; ಎಷ್ಟು ಕಾದರೂ ಬರಲ್ಲ ಅಂತ ಬೆಂಗಳೂರಿಗೆ ಬೆಂಗಳೂರೇ ಅದಕ್ಕೆ ಶಾಪ ಹಾಕುತ್ತಾ ಕೂತಿದೆ. ಗಂಗರತ್ನಮ್ಮ ಮಾತ್ರ ಹಾಕಲಿಲ್ಲ. ಯಾಕೆ ಅಂದರೆ, ಒಗೆದ ಬಟ್ಟೆ ಹರವಿ ಒಳಗೆ ಬರೋ ಹೊತ್ತಿಗೆ ಸರಿಯಾಗಿ ದಿನಾ ಫೋನು ಬರೋದು: "ಖಾತಾ ಬಂತಾ ಅಮ್ಮ?"

"ಇನ್ನೂ ಇಲ್ಲ ಕಣವ್ವ. ಅದಿರ್ಲಿ, ತಿಂಡಿ ಏನ್ ತಿಂದೆ?"

ಆಮೇಲೆ ಮಾತು ಎಲ್ಲೆಲ್ಲಿಗೋ ಹೋಗೋದು. ಲೈಬಾ ಆರ್.ಟಿ. ನಗರದವಳು, ತಾಯಿಗೆ ಶುಗರು, ಬಸ್ಸಿನಲ್ಲಿ ಸೀಟೇ ಸಿಗಲ್ಲ. ಗಂಗರತ್ನಮ್ಮ ಮೆಂತ್ಯ ನೆನೆಹಾಕಿ ತಿನ್ನಿಸು ಅಂದರು. ಅಡುಗೆ ಕಟ್ಟೆಗೆ ಯಾವ ಗ್ರಾನೈಟು ಅಂತ ಆ ಹುಡುಗಿಯನ್ನೇ ಕೇಳಿದರು. "ಕಪ್ಪೇ ಹಾಕ್ಸಿ ಅಮ್ಮ, ಕೊಳೆ ಕಾಣಲ್ಲ" ಅಂದಳು. ಇಬ್ಬರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ ಏನೋ.

ಒಂದು ದಿನ ಖಾತಾ ಬಂದೇಬಿಟ್ಟಿತು. ಸೈಬರ್ ಸೆಂಟರಿನವನು ಪ್ರಿಂಟ್ ಕೈಗಿಟ್ಟು, "ಸ್ವೀಟ್ ಕೊಡಿಸ್ಬೇಕು ಆಂಟಿ" ಅಂದ. ಅಯ್ಯೋ, ಆಕೆಯ ಮುಖ ನೋಡಬೇಕಿತ್ತು ನೀವು! ಕಾಗದ ಕಳಿಸಿದರೆ ಫೈಲು ಮುಗಿಯುತ್ತೆ. ಫೈಲು ಮುಗಿದ ಮೇಲೆ ಈ ಮುದುಕಿಗೆ ಫೋನ್ ಮಾಡೋಕೆ ಅವಳಿಗೇನು ಹುಚ್ಚೇ? ಮರುದಿನ ಲೈಬಾ ಕೇಳಿದಾಗ, "ಇನ್ನೂ ಇಲ್ಲ ಕಣವ್ವ" ಅಂದುಬಿಟ್ಟರು. ಸುಳ್ಳು ಅಂತ ಗೊತ್ತು. ಆದರೂ ಅಂದರು. ಅದರ ಮಾರನೇ ದಿನವೂ ಅಂದರು. ಮತ್ತೆ ಮಳೆ ಹಿಡ್ಕೊಂಡ್ರೆ ನನ್ನ ಕೇಳ್ಬೇಡಿ ಅಂತ ರಹಮತುಲ್ಲಾ ಗದರಿದ ಮೇಲೂ ಅಂದರು.

ತಿಂಗಳ ಕೊನೆಗೆ ಲೈಬಾಳ ದನಿ ಇಳಿದುಹೋಗಿತ್ತು. "ಅಮ್ಮ, ಒಂದ್ಸಲ ಆಫೀಸಿಗೆ ಹೋಗಿ ವಿಚಾರಿಸಿ, ಪ್ಲೀಸ್. ಈ ತಿಂಗಳು ನಿಮ್ ಫೈಲನ್ನೇ ನಂಬ್ಕೊಂಡಿದೀನಿ."

"ಆಗ್ಲವ್ವ, ನೋಡ್ತೀನಿ" ಅಂದರು. ಹುಡುಗಿ ಏನು ಹೇಳುತ್ತಿದ್ದಾಳೆ ಅಂತ ಯೋಚಿಸಲಿಲ್ಲ. ನಾಳೆಯೂ ಫೋನ್ ಮಾಡ್ತಾಳೆ ಅನ್ನೋದೊಂದೇ ತಲೆಯಲ್ಲಿ.

ನಾಳೆ ಫೋನು ಬರಲಿಲ್ಲ. ಸೋಮವಾರ ಅದೇ ನಂಬರಿನಿಂದ ಗಂಡಸಿನ ದನಿ. "ಮೇಡಂ, ನಿಮ್ ಫೈಲ್ ಇನ್ಮೇಲೆ ನಾನು ನೋಡ್ತೀನಿ."

"ಲೈಬಾ ಎಲ್ಲಪ್ಪ?"

"ಟಾರ್ಗೆಟ್ ಆಗ್ಲಿಲ್ಲ ಮೇಡಂ, ತೆಗೆದ್ಬಿಟ್ರು. ಪಾಪ, ಒಂದೇ ಒಂದು ಫೈಲ್ ಕಮ್ಮಿ."

"ಅವಳ್ ನಂಬರಾದ್ರೂ ಕೊಡಪ್ಪ."

"ಅದೆಲ್ಲ ಕೊಡೋ ಹಾಗಿಲ್ಲ ಮೇಡಂ."

ಆ ಹುಡುಗಿಯ ಸ್ವಂತ ನಂಬರು ಆಕೆ ಒಂದು ದಿನವೂ ಕೇಳಿರಲಿಲ್ಲ. ದಿನಾ ಅವಳೇ ಮಾಡುತ್ತಿದ್ದಳಲ್ಲ, ಕೇಳೋ ದರ್ದೇನಿತ್ತು?

ಖಾತಾ ಕಳಿಸಿದರು, ಲೋನು ಪಾಸಾಯಿತು. ಮೇಸ್ತ್ರಿ ಗೋಡೆ ಒಡೆಯೋಕೆ ಬಂದ ದಿನ ಗಂಗರತ್ನಮ್ಮ ಮನೆಯ ಬೀಗದ ಕೈ ಅವನಿಗೇ ಕೊಟ್ಟು ಆರ್.ಟಿ. ನಗರದ ಬಸ್ಸು ಹತ್ತಿದರು. ಇಳಿದ ಮೇಲೆ ಯಾರನ್ನು ಏನಂತ ಕೇಳೋದು? ಮುಖವನ್ನೇ ನೋಡಿಲ್ಲವಲ್ಲ. ಬಸ್‌ಸ್ಟಾಪಿನಲ್ಲಿ ಹೆಣ್ಣುಮಕ್ಕಳು ಬರುತ್ತಿದ್ದರು, ಹೋಗುತ್ತಿದ್ದರು. ಒಬ್ಬೊಬ್ಬರೂ ಬಾಯಿ ಬಿಟ್ಟಾಗ ಗಂಗರತ್ನಮ್ಮ ಹತ್ತಿರ ಸರಿದು ಕಿವಿಗೊಟ್ಟು ನಿಲ್ಲುತ್ತಿದ್ದರು, ದನಿ ಗುರುತು ಸಿಕ್ಕೀತೇನೋ ಅಂತ.