ಕಡಿಮೆ ಕೇಳದ ಕೆಮಿಸ್ಟ್ರಿ ಮೇಡಂ

ನಮ್ಮವರಿಗೆ ಬೇರೆ ಕಡೆ ಸೀಟು ಸಿಗದ ಕಾಲದಲ್ಲಿ ಹೊಸಪೇಟೆಯ ದಲಿತ ಕೇರಿಗಳ ಹಿರಿಯರು ಸೇರಿ ಕಟ್ಟಿದ ಕಾಲೇಜು ನಮ್ಮದು. ಅಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ ಮೇಡಂ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಯಾರಾದರೂ ತಿಳಿಯಲಿಲ್ಲ ಎಂದರೆ ಅವರ ಕೈಗೇ ಚಾಕ್‌ಪೀಸ್ ಕೊಟ್ಟು, ತಾವು ಕೊನೆಯ ಬೆಂಚಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಕಷ್ಟದ ಪಾಠ ಬಿಡಿ ಎಂದು ಬೇಡಿಕೊಂಡರೆ ಒಂದೇ ಮಾತು: "ಕಡಿಮಿ ಕೇಳಬ್ಯಾಡ್ರಿ."

ನಮ್ಮ ಕೊನೆಯ ವರ್ಷದಲ್ಲಿ ಕಾರ್ಖಾನೆಯೊಂದರ ಅಧಿಕಾರಿ ಬಂದರು. ಬೇರೆ ಕಾಲೇಜಿನಲ್ಲಿ ಲ್ಯಾಬ್ ಕೆಲಸಕ್ಕೆ ಪರೀಕ್ಷೆ ನಡೆಸಿದ್ದವರು ನಮ್ಮಲ್ಲಿ ಪ್ಯಾಕಿಂಗ್ ಕೆಲಸಕ್ಕಷ್ಟೇ ಹೆಸರು ಕೇಳಿದರು. ಲ್ಯಾಬ್ ಪರೀಕ್ಷೆಯನ್ನು ಇಲ್ಲೂ ನಡೆಸಿ ಎಂದು ಮೇಡಂ ಕೇಳಿದರು.

"ಆ ಪೇಪರ್ ನಿಮ್ಮ ಹುಡುಗ್ರಿಗೆ ಭಾಳ ಟಫ್ ಆಗ್ತೈತಿ ಮೇಡಂ" ಎಂದರು.

"ಆಗ್ಲಿ. ಅದನ್ನ ಕೊಡ್ರಿ."

ಕೊಟ್ಟರು. ನಮ್ಮಲ್ಲಿ ಒಬ್ಬರೂ ಪಾಸಾಗಲಿಲ್ಲ. "ನಾ ಮೊದ್ಲ ಹೇಳಿದ್ನಲ್ರಿ" ಎಂದು ಅಧಿಕಾರಿ ನಕ್ಕರು. ಮೇಡಂ ತಲೆ ತಗ್ಗಿಸಲಿಲ್ಲ. "ಪೇಪರ್ ಇಲ್ಲೇ ಬಿಟ್ಟು ಹೋಗ್ರಿ. ಬರೋ ವರ್ಷ ಬರ್ರಿ" ಎಂದರು.

ಡಿಗ್ರಿ ಮುಗಿದ ಮೇಲೂ ಅವರು ನಮ್ಮನ್ನು ಬಿಡಲಿಲ್ಲ. ಸಂಡೂರಿನ ಗಣಿಯಲ್ಲಿ ಲೋಡಿಂಗ್ ಕೆಲಸ ಮುಗಿಸಿ ನಾನು ಸಂಜೆ ಬಸ್ಸು ಹಿಡಿದು ಕಾಲೇಜಿಗೆ ಬರುತ್ತಿದ್ದೆ. ಆ ಪೇಪರಿನ ಪ್ರಶ್ನೆ ಬಿಡಿಸಲು ಕೆಂಪು ಧೂಳು ಮೆತ್ತಿದ ಕೈಗೇ ಚಾಕ್‌ಪೀಸ್ ಕೊಡುತ್ತಿದ್ದರು.

ಮರುವರ್ಷ ಅಧಿಕಾರಿ ಹಳೇ ಪೇಪರನ್ನೇ ತಂದರು. ಮೇಡಂ ಅದನ್ನು ಓದಿ ವಾಪಸ್ ಕೊಟ್ಟರು.

"ಇದು ನಮ್ಮವ್ರಿಗೆ ಬಾಯಿಪಾಠ ಆಗೇತ್ರಿ. ಬ್ಯಾರೆ ತರ್ರಿ."

ಕೈಗೆ ಬಂದದ್ದನ್ನು ತಳ್ಳಿಬಿಟ್ಟರಲ್ಲ ಎಂದು ನನಗೆ ಸಿಟ್ಟು ಬಂತು. ವಾರ ಬಿಟ್ಟು ಹೊಸ ಪೇಪರ್ ಬಂತು, ಇನ್ನೂ ಕಷ್ಟದ್ದು.

ಈಗ ನಾನು ಆ ಕಾರ್ಖಾನೆಯ ಲ್ಯಾಬಿನಲ್ಲಿ ಅದಿರು ಪರೀಕ್ಷಿಸುತ್ತೇನೆ.