ಎಸ್ತೇರಮ್ಮನ ಮೆತ್ತನೆ ಪಟ್ಟಿ

ಗಾಯಕ್ಕೆ ಕಟ್ಟುವ ಪಟ್ಟಿಯನ್ನು ಎಸ್ತೇರಮ್ಮ ಮೊದಲು ತನ್ನ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆಗೆ ವಾಲಿಸಿ, ಕೂಸನ್ನು ಮಲಗಿಸುವವಳ ಹಾಗೆ. ಒರಟೆನಿಸಿದರೆ ಮೂಗು ಸೊಟ್ಟಗಾಗುತ್ತಿತ್ತು. ಆ ಸೊಟ್ಟ ಮೂಗನ್ನು ಆಸ್ಪತ್ರೆಯ ಅಡುಗೆಮನೆಯಲ್ಲಿ ಮಾಡಿ ತೋರಿಸಿ ನಾನು ಎಷ್ಟು ಲೋಟ ಕಾಫಿ ಗಿಟ್ಟಿಸಿದ್ದೇನೋ!

ನಂದಗುಡಿ ದಾರಿಯಲ್ಲಿದ್ದ ಆ ಪುಟ್ಟ ಮಿಷನ್ ಆಸ್ಪತ್ರೆಯಲ್ಲಿ ನಾನು ಕಾಂಪೌಂಡರ್. ಜಡಿಗೇನಹಳ್ಳಿಯಲ್ಲಿ ನಮ್ಮಮ್ಮ ಮಗ ಡಾಕ್ಟರ್ ಎಂದೇ ಹೇಳಿಕೊಂಡಿದ್ದಳು. ಕೆಂಪು ನೀರಿಗೆ ಬಿಳಿ ನೀರು ಬೆರೆಸುವವನಿಗೆ ಆ ಹೆಸರು ದೊಡ್ಡದಾಯಿತು, ಆದರೂ ತಿದ್ದುವಷ್ಟು ದಡ್ಡ ನಾನಲ್ಲ. ಔಷಧಿಗಿಂತ ನನಗೆ ಚೆನ್ನಾಗಿ ಬರುತ್ತಿದ್ದದ್ದು ಅಣಕ. ಡಾಕ್ಟರಮ್ಮನ ಗದರಿಕೆ, ಚರ್ಚಿನಲ್ಲಿ ಪಾದ್ರಿ ಅಯ್ಯನವರು ಮಾಡುವ ಉಪದೇಶದ ಪ್ರಸಂಗ, ಸೂಜಿ ಕಂಡ ರೋಗಿಯ ಕೂಗು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ನಿನ್ನ ಸ್ವಂತ ದನಿ ಯಾವುದೋ ಎಂದು ಯಾರಾದರೂ ಕೇಳಿದರೆ ಮಾತ್ರ ತಬ್ಬಿಬ್ಬಾಗುತ್ತಿದ್ದೆ.

ಆಗ ಎರಡನೇ ಮಹಾಯುದ್ಧ. ಬಟ್ಟೆಗೆ ಬರ. ಗಾಯಕ್ಕೆ ಸುತ್ತಿದ ಪಟ್ಟಿಯನ್ನು ಎಸೆಯುವ ಹಾಗಿರಲಿಲ್ಲ. ಒಗೆದು, ಕುದಿಸಿ, ಒಣಗಿಸಿ ಮತ್ತೆ ಸುತ್ತಬೇಕಿತ್ತು. ಆ ಕೆಲಸ ಎಸ್ತೇರಮ್ಮನದು. ಕೀವು, ರಕ್ತ, ಮುಲಾಮು ಮೆತ್ತಿದ ಪಟ್ಟಿಗಳ ಬುಟ್ಟಿ ಹೊತ್ತು ಅವಳು ಹಿತ್ತಲಿಗೆ ಹೊರಟರೆ ನಾವೆಲ್ಲ ಮೂಗು ಹಿಡಿದು ದಾರಿ ಬಿಡುತ್ತಿದ್ದೆವು. ಬಿಸಿಲಿಗೆ ಒಣಗಿದ ಪಟ್ಟಿ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ. ಅದನ್ನು ಅವಳು ಹೊಂಗೆಮರದ ನೆರಳಲ್ಲಿ ಕೂತು ಅಂಗೈಗಳ ನಡುವೆ ಉಜ್ಜುವಳು. ಮೆತ್ತಗಾದ ಮೇಲೆ ಸುರುಳಿ ಸುತ್ತಿ, ಕೆನ್ನೆಗೆ ಒತ್ತಿ ನೋಡಿ, ಆಮೇಲಷ್ಟೇ ಹಬೆ ಹಾಯಿಸುವ ಡಬ್ಬಕ್ಕೆ ಹಾಕುವಳು. ಉಜ್ಜು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಉಜ್ಜುವಾಗ ತುಟಿ ಅಲ್ಲಾಡುತ್ತಿತ್ತು.

"ಯಾರನ್ನ ಬೈತಿದ್ದೀಯಮ್ಮಾ?" ಎಂದು ಒಮ್ಮೆ ಕೇಳಿದೆ.

"ಬೈಯೋದೇನ್ ಬಂತು? ಇದು ಯಾರ ಹುಣ್ಣಿಗೆ ಹೋಗ್ತದೋ, ಅವ್ರಿಗೆ ಉರೀದೇ ಇರ್ಲಿ ಸ್ವಾಮಿ ಅಂತೀನಿ. ಕೈಗೆ ಕೆಲಸ ಐತೆ, ಬಾಯಿ ಯಾಕೆ ಖಾಲಿ ಇರ್ಬೇಕು? ನಿನ್ ಬಾಯಿ ಒಂದ್ ಗಳಿಗೆ ಖಾಲಿ ಇರ್ತದಾ?"

ಭಾನುವಾರ ನಾನೂ ಮಿಷನ್ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಭಕ್ತಿಯಿಂದಲ್ಲ, ನಮ್ಮ ಮನೆದೇವರು ಬೇರೆ. ಪಾದ್ರಿಯವರ ಅಣಕಕ್ಕೆ ವಾರಕ್ಕೊಮ್ಮೆ ಸಾಣೆ ಹಿಡಿಯಬೇಕಿತ್ತು. ಅವರು ಗಂಟಲು ಕೆರೆದು, ಕನ್ನಡಕವನ್ನು ಒಂದು ಬೆರಳಿಂದ ಮೇಲಕ್ಕೆ ತಳ್ಳಿ, "ಪ್ರೀ...ಯರೇ" ಎಂದು ರಾಗ ಎಳೆಯುತ್ತಿದ್ದರು. ಆ ವಾರ ಅವರು ಕೇಳಿದ್ದು, "ನೀವು ಒಬ್ಬೊಬ್ಬರೂ ಯೇಸುಸ್ವಾಮಿಯ ಬಳಿಗೆ ಯಾರನ್ನು ಕರೆತಂದಿರಿ? ಆ ನ್ಯಾಯತೀರ್ಪಿನ ದಿನ ಬರಿಗೈಯಲ್ಲಿ ನಿಲ್ಲುವಿರಾ?" ನಾನು ರಾಗದ ಅಳತೆ ತೆಗೆದುಕೊಳ್ಳುತ್ತಿದ್ದೆ. ಮುಂದಿನ ಸಾಲಿನಲ್ಲಿ ಎಸ್ತೇರಮ್ಮ ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದಳು.

ಮಾರನೆಯ ದಿನ ಔಷಧಿ ಕಿಟಕಿಗೆ ಬಂದಳು. "ಪುಟ್ಸಾಮಿ, ನಿಂಗೆ ಅಯ್ಯನೋರ ಪ್ರಸಂಗ ಪೂರ್ತಿ ಬರ್ತದಲ್ಲ. ನಂಗೂ ಕಲಿಸ್ಕೊಡಪ್ಪಾ."

"ಯಾಕಮ್ಮಾ, ನನ್ನ ಕಾಫಿಗೆ ಕಲ್ಲು ಹಾಕೋಕಾ?"

"ತಮಾಸೆ ಅಲ್ಲ ಕಣೋ. ಇಷ್ಟು ವಯಸ್ಸಾಯ್ತು, ಒಬ್ರಿಗೂ ಸ್ವಾಮಿ ವಿಷ್ಯ ಹೇಳಿಲ್ಲ. ಬರೀ ಕೀವು ತೊಳ್ದಿದೀನಿ. ಮೇಲೆ ಹೋದಾಗ ಏನ್ ತಂದೆ ಅಂದ್ರೆ ಪಟ್ಟಿ ಸುರುಳಿ ತೋರ್ಸ್ಲಾ?"

ಹೀಗೆ ಮನೆದೇವರು ಬೇರೆ ಇರುವ ಒಕ್ಕಲಿಗರ ಹುಡುಗ ಕ್ರೈಸ್ತ ಹೆಂಗಸಿಗೆ ಪ್ರಸಂಗದ ಗುರುವಾದ. ಹೊಂಗೆಮರದ ಕೆಳಗೆ ದಿನಾ ಪಾಠ. ನಾನು ಮಾಡಿದ್ದನ್ನೆಲ್ಲ ಅವಳು ಒಂದನ್ನೂ ಬಿಡದೆ ಕಲಿತಳು. ಯಾವುದು ಉಪದೇಶ, ಯಾವುದು ನನ್ನ ಚೇಷ್ಟೆ ಎಂದು ಬಿಡಿಸಿ ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ಪಾಠದ ಗಡಿಬಿಡಿಯಲ್ಲಿ ಪಟ್ಟಿಗಳು ಉಜ್ಜಿಸಿಕೊಳ್ಳದೆಯೇ ಡಬ್ಬ ಸೇರತೊಡಗಿದವು.

ಮೊದಲ ಪ್ರಸಂಗಕ್ಕೆ ಅವಳು ಆರಿಸಿಕೊಂಡದ್ದು ನಂಜೇಗೌಡರನ್ನು. ಕಾಲಿನ ಹುಣ್ಣಿಗೆಂದು ಬಂದು ಮಂಚ ಹಿಡಿದಿದ್ದ ನಂದಗುಡಿ ಕಡೆಯ ಹಿರಿಯರು; ಕುಡಿಯುವ ನೀರನ್ನೂ ಮನೆಯಿಂದಲೇ ತರಿಸಿಕೊಳ್ಳುವಷ್ಟು ಮಡಿ. ಎಸ್ತೇರಮ್ಮ ಅವರ ಮಂಚದ ತುದಿಯಲ್ಲಿ ನಿಂತಳು. ಗಂಟಲು ಕೆರೆದಳು. ಇಲ್ಲದ ಕನ್ನಡಕವನ್ನು ಒಂದು ಬೆರಳಿಂದ ಮೇಲಕ್ಕೆ ತಳ್ಳಿದಳು.

"ಪ್ರೀ...ಯರೇ!"

ಇಡೀ ವಾರ್ಡು ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಗುರುವಾದ ನಾನೇ. ಆಮೇಲೆ ನೋಡಿದರೆ ಅವಳ ಬೆರಳು ಇನ್ನೂ ಮೂಗಿನ ಮೇಲೇ ಇತ್ತು. ಗೌಡರು ನಗಲಿಲ್ಲ.

"ಅದಿರ್ಲಿ ಎಸ್ತೇರಮ್ಮಾ, ಈಚೀಚೆಗೆ ಪಟ್ಟಿ ಯಾಕಿಂಗೆ? ಗೋಣಿತಾಟು ಸುತ್ತಿದಂಗೈತೆ. ಹೊತ್ತು ಮುಳುಗೋಗಂಟ ಕಾಲು ಚುರುಚುರು ಅಂತದೆ. ನಿಂಗೆ ಮೈಗ್ ಉಷಾರಿಲ್ವಾ?"

ಅವಳ ಬೆರಳು ಮೂಗಿನಿಂದ ಕೆಳಗಿಳಿಯಿತು. "ಉಜ್ಜಿಲ್ಲ ಗೌಡ್ರೇ."

"ಯಾಕೆ?"

"ಪ್ರಸಂಗ ಕಲೀತಿದ್ದೆ."

ಗೌಡರು ನನ್ನನ್ನು ನೋಡಿದರು. ನಾನು ತೊಲೆಯ ಮೇಲಿನ ಹಲ್ಲಿಯನ್ನು ನೋಡಿದೆ.

ಅವಳು ನೇರ ಹಿತ್ತಲಿಗೆ ಹೋಗಿ ಉಜ್ಜಲು ಕೂತಳು. ಮಾರನೆಯ ದಿನ ಹೊಸ ಪಟ್ಟಿ ಕಟ್ಟಿಸಿಕೊಂಡ ಗೌಡರು ಕಿಟಕಿಯಾಚೆಯ ಹಿತ್ತಲಿಗೆ ಕೇಳುವಂತೆ ಕೂಗಿದರು, "ಇವತ್ತು ಮೆತ್ತಗೈತೆ ಕಣಮ್ಮಾ!"

"ಕೇಳಿಸ್ತಾ?" ಎಂದೆ ನಾನು, ಗೆದ್ದವನ ಹಾಗೆ.

"ಕೇಳಿಸ್ತು. ಆದ್ರೆ ಗೌಡ್ರು ಸ್ವಾಮಿ ಕಡೆ ಬಂದ್ರಾ?"

"ಇಲ್ಲ. ಕಾಲು ವಾಸಿಯಾದ್ರೆ ಸೀದಾ ನಂದಗುಡಿ ಕಡೆ ಹೋಗ್ತಾರೆ."

"ನೋಡು ಮತ್ತೆ. ಹೇಳೋಕ್ ಹೋದ್ರೆ ಅವ್ರ ಕಾಲು ಉರೀತದೆ. ಉಜ್ಜುತಾ ಕೂತ್ರೆ ನನ್ ಕೈ ಖಾಲಿ. ಅಯ್ಯನೋರ್ನ ಕೇಳಿದ್ರೆ ಎರಡೂ ಮಾಡು ಅಂದ್ರು." ಬಿರಿದ ಅಂಗೈಗಳನ್ನು ನನ್ನ ಮುಂದೆ ಚಾಚಿದಳು. "ಎಲ್ಲಿಂದ ತರ್ಲಿ ಇನ್ನೆರಡು?"

ಅವಳು ಉಜ್ಜುವುದನ್ನು ಮತ್ತೆ ಬಿಡಲಿಲ್ಲ. ಅಂಗೈ ನೋಡಿಕೊಳ್ಳುವುದನ್ನೂ ಬಿಡಲಿಲ್ಲ.

ಯುದ್ಧ ಮುಗಿದ ಮೇಲೆ ಕಾಗದದಲ್ಲಿ ಸುತ್ತಿದ ಹೊಸ ಪಟ್ಟಿಗಳು ಬಂದವು. ಎಸ್ತೇರಮ್ಮನನ್ನು ಚಿನ್ನದ ಗಣಿಯಲ್ಲಿದ್ದ ಮಗಳು ಕರೆಸಿಕೊಂಡಳು. ಅವಳ ಟ್ರಂಕು ಹೊತ್ತು ಇದ್ದಿಲಿನಿಂದ ಓಡುವ ಬಸ್ಸಿನವರೆಗೆ ನಾನೇ ಹೋದೆ, ದಾರಿಯುದ್ದಕ್ಕೂ ಕೂಲಿಯವನ ಹಾಗೆ ನರಳಿ ತೋರಿಸುತ್ತಾ. ಕಿಟಕಿಯ ಪಕ್ಕ ಕೂತವಳು ಇದ್ದಕ್ಕಿದ್ದಂತೆ ಕೇಳಿದಳು.

"ಪುಟ್ಸಾಮಿ, ಎಲ್ಲಾರ್ ತರಾನೂ ಮಾತಾಡ್ತೀಯಲ್ಲ. ಮೇಲೆ ಹೋದಾಗ ನನ್ನ ನೋಡಿ ಯೇಸುಸ್ವಾಮಿ ಏನಂತಾರೆ? ಅವ್ರ ತರ ಒಂದ್ಸಲ ಹೇಳಪ್ಪಾ."

ಗಂಟಲು ಸರಿಮಾಡಿಕೊಂಡೆ. ಪಾದ್ರಿಯವರ ದನಿ ಬಂತು, ನುಂಗಿದೆ. ಡಾಕ್ಟರಮ್ಮನ ದನಿ ಬಂತು, ಅದನ್ನೂ ನುಂಗಿದೆ. ಡ್ರೈವರ್ ಹಾರನ್ ಒತ್ತುತ್ತಿದ್ದ. ಕೊನೆಗೆ ಬಾಯಿಂದ ಬಿದ್ದದ್ದು ನಂಜೇಗೌಡರ ದನಿ.

"ಮೆತ್ತಗಿತ್ತು ಕಣಮ್ಮಾ."

ಎಸ್ತೇರಮ್ಮ ನಗಲಿಲ್ಲ, ಬೈಯಲೂ ಇಲ್ಲ. ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆಗೆ ವಾಲಿಸಿದಳು, ಆ ಮಾತನ್ನೇ ಕೆನ್ನೆಗೆ ಒತ್ತಿ ನೋಡುವ ಹಾಗೆ. ಅಷ್ಟರಲ್ಲಿ ಬಸ್ಸು ಹೊರಟಿತು. ಮೂಗು ಸೊಟ್ಟಗಾಯಿತೋ ಇಲ್ಲವೋ, ಇದ್ದಿಲಿನ ಹೊಗೆಯಲ್ಲಿ ನನಗೆ ಕಾಣಲಿಲ್ಲ.